ರ‍್ಯಾಂಕ್ ಏಣಿಗೆ ಬಹುಮಾನದ ರೊಕ್ಕ ಕಟ್ಟಬೇಡಿ: ವಿಜಯಪುರದಿಂದ ಒಂದು ಎಚ್ಚರಿಕೆ

ಬರುವ ಬೇಸಿಗೆ ರಜೆಯಲ್ಲಿ ಬೆಳಗಾವಿಯ ಕೆಲವು ಹುಡುಗರು ಆನ್‌ಲೈನ್ ಯುದ್ಧತಂತ್ರದ ಆಟಕ್ಕೆ ಚಾಲೆಂಜ್ ಟೂರ್ನಮೆಂಟ್ ಇಟ್ಟುಕೊಳ್ಳುತ್ತಿದ್ದಾರಂತೆ. ತಲೆಗೆ 200 ರೂಪಾಯಿ ಎಂಟ್ರಿ, ಕೊನೆಯ ದಿನ ಪಟ್ಟಿಯ ಮೇಲಿರುವ ಮೂವರಿಗೆ ಬಹುಮಾನ. ಗೆಳೆಯನೊಬ್ಬ ಮೊನ್ನೆ ಅಂಗಡಿಗೆ ಬಂದು ಹೇಳಿದ. ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಇದನ್ನೇ, ಹೆಚ್ಚುಕಡಿಮೆ ಇದೇ ನಿಯಮ ಹಾಕಿ, 2024ರ ದೀಪಾವಳಿ ಮುಗಿದ ಮೇಲೆ ನಾನು ಮಾಡಿದ್ದೆ. ಸಂಕ್ರಾಂತಿಯ ಹೊತ್ತಿಗೆ ಎಲ್ಲ ಕೆಟ್ಟು ಹೋಗಿತ್ತು. ಹೇಗೆ ಕೆಟ್ಟಿತು ಅಂತ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನದು ಸ್ಟೇಷನ್ ರಸ್ತೆಯ ಕಡೆ ಒಂದು ಝೆರಾಕ್ಸ್ ಅಂಗಡಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಬ್ಯಾಟಲ್ ಫಾರ್ ವೆಸ್ನೋತ್ ಆಡುತ್ತೇನೆ. 2003ರಿಂದ ಇರುವ ಆಟ, ಪೂರ್ತಿ ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಷಟ್ಕೋನದ ಮನೆಗಳ ನಕ್ಷೆ, ಒಬ್ಬರ ಸರದಿ ಆದಮೇಲೆ ಇನ್ನೊಬ್ಬರದು. ಎದುರಾಳಿಯ ಲೀಡರ್ ಸತ್ತರೆ ಆಟ ಮುಗಿಯಿತು. ಅಂಗಡಿಗೆ ಬರುವ ಹುಡುಗರಿಗೆ ಕಲಿಸಿದೆ, ಅವರು ತಮ್ಮ ದೋಸ್ತರಿಗೆ ಕಲಿಸಿದರು. ತಿಕೋಟಾ, ಮುಧೋಳ, ಜಮಖಂಡಿ, ಗೋಕಾಕ ಅಂತ ಬೆಳೆದು ನಾನೂ ಸೇರಿ 24 ಜನ ಆದೆವು.

ಎಲ್ಲರನ್ನೂ ಒಂದೇ ದಿನ ಕೂಡಿಸಿ ನಾಕೌಟ್ ಆಡಿಸುವುದು ಆಗದ ಮಾತು. ಒಬ್ಬ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಇನ್ನೊಬ್ಬನಿಗೆ ದ್ರಾಕ್ಷಿ ತೋಟದ ಕೆಲಸ, ಉಳಿದವರಿಗೆ ಕಾಲೇಜು. ಅದಕ್ಕೇ ಏಣಿ ಪದ್ಧತಿ ಹಿಡಿದೆ. ಹೆಸರುಗಳನ್ನು ಮೇಲಿಂದ ಕೆಳಗೆ ಬರೆಯುವುದು, ಕೆಳಗಿನವನು ಮೇಲಿನವನಿಗೆ ಚಾಲೆಂಜ್ ಹಾಕುವುದು, ಗೆದ್ದರೆ ಇಬ್ಬರ ಜಾಗ ಅದಲುಬದಲು. ತನಗಿಂತ ಮೂರು ಸ್ಥಾನ ಮೇಲಿನವರೆಗೆ ಮಾತ್ರ ಚಾಲೆಂಜ್. ಐದು ದಿನದೊಳಗೆ ಆಡಬೇಕು. ಒಬ್ಬನ ಮೇಲೆ ಒಂದು ಹೊತ್ತಿಗೆ ಒಂದೇ ಚಾಲೆಂಜ್. ಇಷ್ಟೇ ನಿಯಮ. ತಲಾ 100 ರೂಪಾಯಿ ಎಂಟ್ರಿ, ನನ್ನ ಫೋನ್‌ಪೇ ನಂಬರಿಗೆ. ಒಟ್ಟು 2400. ಜನವರಿ 14ರ ರಾತ್ರಿ ಪಟ್ಟಿಯಲ್ಲಿ ಮೊದಲಿರುವವನಿಗೆ 1200, ಎರಡನೆಯವನಿಗೆ 800, ಮೂರನೆಯವನಿಗೆ 400.

ಮೊದಲ ಮೂರು ವಾರದ ಸಡಗರ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರಾತ್ರಿ ಹನ್ನೊಂದಕ್ಕೂ ಗ್ರೂಪಿನಲ್ಲಿ ಮಾತು ನಿಲ್ಲುತ್ತಿರಲಿಲ್ಲ. 19ನೇ ಸ್ಥಾನದಲ್ಲಿದ್ದ ತಿಕೋಟಾ ಕಡೆಯ ಒಬ್ಬ ಹುಡುಗ ವಾರಕ್ಕೆ ಎರಡು ಆಟ ಗೆಲ್ಲುತ್ತ 7ಕ್ಕೆ ಬಂದ. ಶಾಂತ ಹುಡುಗ. ಸೋತರೂ ಎದುರಾಳಿಗೆ ‘ಚಲೋ ಆಡಿದ್ರಿ’ ಅಂತ ಬರೆದು ಹೋಗುತ್ತಿದ್ದ. ಅವನ ಆಟ ನೋಡಲೆಂದೇ ಏಳೆಂಟು ಜನ ಕಾಯುತ್ತಿದ್ದರು.

ನಾಲ್ಕನೇ ವಾರ ಮೇಲಿನ ಮೂರು ಸ್ಥಾನ ಹೆಪ್ಪುಗಟ್ಟಿದವು. ಮೊದಲ ಸ್ಥಾನದವನ ಮೇಲೆ ಯಾವಾಗ ನೋಡಿದರೂ ಒಂದು ಚಾಲೆಂಜ್ ಬಾಕಿ. ಹಾಕುವವನು ಯಾವಾಗಲೂ ನಾಲ್ಕನೆಯವನು. ಐದನೇ ದಿನ ರಾತ್ರಿ ಆಡುವುದು, ನಾಲ್ಕನೆಯವನು ಸೋಲುವುದು, ಹತ್ತು ನಿಮಿಷದಲ್ಲಿ ಮತ್ತೆ ಅವನದೇ ಚಾಲೆಂಜ್. ಒಬ್ಬನ ಮೇಲೆ ಒಂದೇ ಚಾಲೆಂಜ್ ಅನ್ನುವ ನಿಯಮ ನಾನೇ ಹಾಕಿದ್ದು. ಆಟಗಾರನಿಗೆ ಹೊರೆಯಾಗದಿರಲಿ ಅಂತ ಹಾಕಿದ ನಿಯಮ ಅವನಿಗೆ ಗುರಾಣಿ ಆಯಿತು.

ಅನುಮಾನ ಬಂದು ರಿಪ್ಲೇ ಕೇಳಿದೆ. ಈ ಆಟದಲ್ಲಿ ಪ್ರತಿ ನಡೆಯೂ ರಿಪ್ಲೇ ಫೈಲಿನಲ್ಲಿ ಉಳಿಯುತ್ತದೆ. ‘ಅಳಿಸಿ ಹೋಗ್ಯದರಿ’ ಅಂದರು. ನೋಡುಗನಾಗಿ ಕೂತಿದ್ದ ಜಮಖಂಡಿಯ ಹುಡುಗನ ಹತ್ತಿರ ಒಂದು ಪ್ರತಿ ಸಿಕ್ಕಿತು. ಐದನೇ ಸರದಿ, ಅಂದರೆ ಆಟದೊಳಗೆ ರಾತ್ರಿ ಬಿದ್ದ ಹೊತ್ತು. ನಾಲ್ಕನೆಯವನದು ಲಾಯಲಿಸ್ಟ್ ಪಡೆ, ಅಂದರೆ ಹೆಚ್ಚಾಗಿ ಮನುಷ್ಯರ ಸೈನ್ಯ. ರಾತ್ರಿ ಅವರ ಹೊಡೆತದ ಬಲ ಶೇ. 25 ಕಡಿಮೆಯಾಗುತ್ತದೆ, ಎದುರಿನ ಓರ್ಕ್ ಅನ್ನುವ ರಾಕ್ಷಸರ ಪಡೆಯದು ಶೇ. 25 ಏರುತ್ತದೆ. ಕೋಟೆಯೊಳಗೆ ಕೂತರೆ ಶತ್ರುವಿನ ಹೊಡೆತ ತಾಗುವ ಸಾಧ್ಯತೆ ಶೇ. 40, ಬಯಲಿಗೆ ಬಂದರೆ ಶೇ. 60. ಆ ಹೊತ್ತಿನಲ್ಲಿ ಅವನು ತನ್ನ ಲೀಡರ್‌ನನ್ನು ಕೋಟೆಯಿಂದ ಹೊರಗೆ ನಡೆಸಿ, ಹುಲ್ಲುಬಯಲಲ್ಲಿ ಮೂರು ಓರ್ಕ್‌ಗಳ ನಡುವೆ ಒಂಟಿಯಾಗಿ ನಿಲ್ಲಿಸಿದ್ದ. ನಿನ್ನೆ ಆಟ ಕಲಿತವನೂ ಹಾಗೆ ಮಾಡುವುದಿಲ್ಲ. ಆ ರಿಪ್ಲೇಯನ್ನು ಮೂರು ಸಲ ನೋಡಿದೆ.

ಆಗಲೇ ಟೂರ್ನಮೆಂಟ್ ನಿಲ್ಲಿಸಬೇಕಿತ್ತು. ನಿಲ್ಲಿಸದೆ ನಡುವೆ ನಿಯಮ ಬದಲಿಸಿದೆ. ಇದು ನನ್ನ ದೊಡ್ಡ ತಪ್ಪು. ಜಾಗ ಬದಲಿಸುವ ಪದ್ಧತಿ ಬಿಟ್ಟು ಎಲೋ ಅಂಕ ತಂದೆ, ಅಂದರೆ ಎದುರಾಳಿಯ ಬಲ ನೋಡಿ ಗೆದ್ದವನಿಗೆ ಅಂಕ ಕೂಡಿಸಿ ಸೋತವನಿಗೆ ಕಳೆಯುವ ಪದ್ಧತಿ. ಚೆಸ್ ಆಡುವವರಿಗೆ ಗೊತ್ತು, ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೋ ಕಟ್ಟಿದ ಲೆಕ್ಕ ಅದು. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಎಲ್ಲರಿಗೂ 1500 ಕೊಟ್ಟು ಹಳೆಯ ಪಂದ್ಯಗಳನ್ನೆಲ್ಲ ಲೆಕ್ಕ ಹಾಕಿದೆ. ಮೊದಲಿನವನು 1640ಕ್ಕೆ ನಿಂತ. ಒಂದು ಪಂದ್ಯಕ್ಕೆ ಕೈ ಬದಲಾಗಬಹುದಾದ ಗರಿಷ್ಠ ಅಂಕ 32 ಅಂತ ಇಟ್ಟಿದ್ದೆ. ಆ ಲೆಕ್ಕದಲ್ಲಿ 1640ರವನು 1420ರವನ ಜೊತೆ ಆಡಿ ಗೆದ್ದರೆ ಸಿಗುವುದು 7 ಅಂಕ, ಸೋತರೆ ಕಳೆಯುವುದು 25. ಬಹುಮಾನದ ದಿನ ನಾಲ್ಕು ವಾರ ದೂರದಲ್ಲಿದೆ. ಅವನು ಯಾಕೆ ಆಡುತ್ತಾನೆ? ಆಡಲಿಲ್ಲ. ಜ್ವರ ಅಂದ, ಊರಿಗೆ ಹೋಗಿದ್ದೆ ಅಂದ, ನೆಟ್ ಇಲ್ಲ ಅಂದ. ಅವನನ್ನು ನೋಡಿ ಎರಡನೆಯವನೂ ಮೂರನೆಯವನೂ ಅದನ್ನೇ ಕಲಿತರು.

ನಾನು ತಡವಾಗಿ ತಿಳಿದುಕೊಂಡದ್ದು ಇದು. ಏಣಿ ಅನ್ನುವುದು ಮುಗಿಯುವ ದಿನವಿಲ್ಲದೆ ಆಡುತ್ತಾ ಇರಲಿಕ್ಕೆ ಮಾಡಿದ ಪದ್ಧತಿ. ಇಂಥ ದಿನ ಮೇಲಿರುವವನಿಗೆ ಇಷ್ಟು ರೊಕ್ಕ ಅಂದ ಕೂಡಲೇ, ಮೇಲೆ ಹತ್ತಿದವನಿಗೆ ಆಡದೇ ಇರುವುದೇ ಜಾಣತನವಾಗುತ್ತದೆ. ಆ ಹುಡುಗರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆಡದವನಿಗೆ ಲಾಭ ಬರುವಂಥ ಪಂದ್ಯ ಕಟ್ಟಿಕೊಟ್ಟವನು ನಾನು.

ಕರೆಂಟಿನ ಕಥೆಯನ್ನೂ ಹೇಳಲೇಬೇಕು, ನಮ್ಮ ಕಡೆ ಪಂದ್ಯ ನಡೆಸುವ ಎಲ್ಲರಿಗೂ ಇದು ಎದುರಾಗುತ್ತದೆ. ಆಟದ ನಡುವೆ ಸಂಪರ್ಕ ತಪ್ಪಿದರೆ ಉಳಿಸಿಟ್ಟ ಸರದಿಯಿಂದ ಮತ್ತೆ ಶುರುಮಾಡಬಹುದು. ಆದರೆ ಹಾಗೆ ಶುರುಮಾಡಿದಾಗ ದಾಳ ಹೊಸದಾಗಿ ಬೀಳುತ್ತದೆ. ಮೊದಲ ಸಲ ತಪ್ಪಿದ ಹೊಡೆತ ಎರಡನೇ ಸಲ ತಾಗಬಹುದು. ಮೂರನೇ ಸ್ಥಾನದವನಿಗೆ ಅದೃಷ್ಟ ಕೈಕೊಟ್ಟ ಸರದಿಯಲ್ಲೇ ಎರಡು ಸಲ ಕರೆಂಟ್ ಹೋಯಿತು. ಎರಡನೇ ಸಲ ಅವನ ಓಣಿಯಲ್ಲೇ ಇರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ‘ಕರೆಂಟ್ ಅದ ಅಲ್ಲೋ, ಟಿವಿ ನೋಡ್ಲಿಕತ್ತೀನಿ’ ಅಂದಳು. ನಿಜವಾಗಿಯೂ ಕರೆಂಟ್ ಹೋಗಿ ಪಂದ್ಯ ಬಿಟ್ಟುಕೊಟ್ಟವರು ನಮ್ಮಲ್ಲಿ ನಾಲ್ಕೈದು ಜನ ಇದ್ದರು. ಅವರಿಗೆ ಏನು ಉತ್ತರ ಕೊಡಲಿ? ಸಂಪರ್ಕ ತಪ್ಪಿದರೆ ಏನು ಅನ್ನುವ ನಿಯಮವನ್ನು ಮೊದಲ ಪಂದ್ಯಕ್ಕೂ ಮುಂಚೆ ಬರೆದಿಡಿ. ಕೇಳಿದಾಗ ರಿಪ್ಲೇ ಕೊಡದಿದ್ದರೆ ಆ ಫಲಿತಾಂಶ ಲೆಕ್ಕಕ್ಕಿಲ್ಲ ಅಂತಲೂ ಬರೆಯಿರಿ. ಒಬ್ಬನೇ ಎರಡು ಹೆಸರಿನಲ್ಲಿ ಆಡಿದ ಪ್ರಕರಣವೂ ಒಂದಿತ್ತು. ಫೋನ್ ನಂಬರ್ ಸರಿಯಾಗಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಈ ತಂಟೆಗಳನ್ನೆಲ್ಲ ತೀರ್ಮಾನ ಮಾಡುವವನೂ ನಾನೇ ಆಗಿದ್ದೆ. ಪಟ್ಟಿ ಬರೆಯುವವನು ನಾನು, ರೊಕ್ಕ ಇಟ್ಟುಕೊಂಡವನು ನಾನು, 6ನೇ ಸ್ಥಾನದ ಆಟಗಾರನೂ ನಾನು. ಮೂರನೆಯವನ ಎರಡು ಗೆಲುವು ರದ್ದು ಮಾಡಿದಾಗ ನಾನು 5ಕ್ಕೆ ಏರಿದೆ. ‘ಅಣ್ಣಾ, ನಿಮಗ ಜಾಗ ಬೇಕಾಗಿತ್ತೇನು?’ ಅಂತ ಗ್ರೂಪಿನಲ್ಲಿ ಒಬ್ಬ ಕೇಳಿದ. ನನ್ನ ಮನಸ್ಸಿನಲ್ಲಿ ಅದು ಇರಲಿಲ್ಲ, ಆದರೆ ಅವನು ಕೇಳಿದ್ದು ನ್ಯಾಯವೇ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ನಕ್ಷೆಯ ಮೇಲೆ ಆಡುವ ಯುದ್ಧದಾಟಕ್ಕೆ ನಿಯಮ ಬರೆದಾಗಲೇ, ಎರಡೂ ಪಡೆಗೆ ಸೇರದ ಒಬ್ಬ ಪಂಚನನ್ನು ನಡುವೆ ಕೂಡಿಸಿದ್ದ. ಇನ್ನೂರು ವರ್ಷದ ಹಿಂದೆಯೇ ಗೊತ್ತಿದ್ದ ಮಾತನ್ನು ನಾನು ಪಾಲಿಸಲಿಲ್ಲ. ಪಂದ್ಯ ನಡೆಸುವವನು ಆಡಬಾರದು. ಆಡುವ ಆಸೆ ಇದ್ದರೆ ನಡೆಸುವ ಕೆಲಸ ಇನ್ನೊಬ್ಬರಿಗೆ ಕೊಡಿ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತಿಗೆ ಬರುತ್ತೇನೆ. ಜನವರಿ 15, ಸಿದ್ಧೇಶ್ವರ ಜಾತ್ರೆಯ ಗದ್ದಲ. ಹಿಂದಿನ ರಾತ್ರಿಯೇ ಮೊದಲೆರಡು ಬಹುಮಾನದ ರೊಕ್ಕ ಕಳಿಸಿದ್ದೆ, ಗ್ರೂಪಿನಲ್ಲಿ ಬೈದಾಟ ನಡೆದಿತ್ತು. ಮಧ್ಯಾಹ್ನ ಒಬ್ಬ ರೈತರು ಅಂಗಡಿಗೆ ಬಂದರು. ಜೊತೆಗೆ ಆ ತಿಕೋಟಾ ಕಡೆಯ ಹುಡುಗ, ತಲೆ ತಗ್ಗಿಸಿ ನಿಂತಿದ್ದ. ಹದಿನೆಂಟು ಆಗಿದೆ ಅಂದಿದ್ದ ಅವನಿಗೆ ಆಗಿದ್ದು ಹದಿನಾರು. ಪಿಯುಸಿ ಮೊದಲ ವರ್ಷ. ‘ಸರ, ನಮ್ಮ ಹುಡುಗ ನನ್ನ ಫೋನಿನಾಗಿಂದ ನಿಮಗ ನೂರು ರೂಪಾಯಿ ಕಳಿಸ್ಯಾನ. ನೂರು ರೂಪಾಯಿ ದೊಡ್ಡ ಮಾತಲ್ರಿ. ಸಾಲಿ ಕಲಿಯೋ ಹುಡುಗರ ಕಡೆ ರೊಕ್ಕ ಇಸಗೊಂಡು ಜೂಜು ಆಡಸ್ತೀರೇನ್ರಿ?’ ಅಂತ ಕೇಳಿದರು. ದನಿ ಏರಿಸಲಿಲ್ಲ.

ಇದು ಜೂಜಲ್ಲ, ಬುದ್ಧಿಯ ಆಟ ಅಂತ ಹೇಳಲು ಬಾಯಿ ತೆರೆದೆ. ಇಪ್ಪತ್ತನಾಲ್ಕು ಜನರ ರೊಕ್ಕ ಒಂದು ಕಡೆ ಹಾಕಿ ಮೂವರಿಗೆ ಹಂಚುವ ಲೆಕ್ಕ ಅವರ ಮುಂದೆ ಹೇಳುವಾಗ ನನಗೇ ಮಾತು ಹೊರಡಲಿಲ್ಲ. ವಯಸ್ಸಿನ ದಾಖಲೆಯನ್ನು ನಾನು ಕೇಳಿಯೇ ಇರಲಿಲ್ಲ. ಕ್ಷಮೆ ಕೇಳಿ ನೂರು ರೂಪಾಯಿ ಕೈಗೆ ಕೊಟ್ಟೆ. ಹುಡುಗ ಆ ದಿನವೇ ಗ್ರೂಪ್ ಬಿಟ್ಟ. ಅವತ್ತಿನಿಂದ ಅವನು ಆಡಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಅವನಷ್ಟು ತಾಳ್ಮೆಯಿಂದ ಆಡುವವರು ಇನ್ನೊಬ್ಬರಿರಲಿಲ್ಲ.

ಮೂರನೇ ಬಹುಮಾನದ 400 ಮಾತ್ರ ನನ್ನ ಹತ್ತಿರ ಉಳಿದಿತ್ತು. ಮೊದಲೆರಡು ಬಹುಮಾನ ಪಡೆದವರನ್ನೂ ನನ್ನನ್ನೂ ಬಿಟ್ಟು ಉಳಿದ 21 ಜನರಿಗೆ ತಲಾ ನೂರು ವಾಪಸ್ ಅಂತ ನಿರ್ಧರಿಸಿದೆ. ಕೈಯಿಂದ 1700 ಹಾಕಿದೆ.

ಬೆಳಗಾವಿಯ ಗೆಳೆಯರೇ, ನಾನು ಮಾಡುವಾಗ ಇಲ್ಲದ ಇನ್ನೊಂದು ಅಪಾಯ ನಿಮಗಿದೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಗೆದ್ದರೆ ರೊಕ್ಕ ಬರುತ್ತದೆ ಅಂತ ಶುಲ್ಕ ಕಟ್ಟಿ ಆಡುವ ಆನ್‌ಲೈನ್ ಆಟ ಈ ಕಾಯ್ದೆಯಡಿ ನಿಷಿದ್ಧ. ಕೌಶಲದ ಆಟ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್‌ಗೆ ವಿನಾಯಿತಿ ಇದೆ, ಅಲ್ಲಿ ಪ್ರವೇಶ ಶುಲ್ಕವೂ ಇರಬಹುದು, ಬಹುಮಾನವೂ ಇರಬಹುದು. ಆದರೆ ಅದಕ್ಕೆ ಮಾನ್ಯತೆ, ನೋಂದಣಿ ಎಲ್ಲ ಬೇಕು. ವಾಟ್ಸಾಪ್ ಗ್ರೂಪಿನಲ್ಲಿ ನಡೆಸುವ ಪಂದ್ಯಕ್ಕೆ ಅವು ಎಲ್ಲಿಂದ ಬರಬೇಕು? ‘ನಾವು ಸಣ್ಣವರು, ನಮ್ಮನ್ನ ಯಾರು ಕೇಳ್ತಾರ’ ಅನ್ನಬೇಡಿ. ನನ್ನ ಅಂಗಡಿಗೆ ಬಂದ ಆ ತಂದೆ ನೇರ ಪೊಲೀಸ್ ಠಾಣೆಗೂ ಹೋಗಬಹುದಿತ್ತು.

ಏಣಿ ಬೇಕೇ ಬೇಕು ಅಂದರೆ ರೊಕ್ಕವಿಲ್ಲದೆ ಮಾಡಿ, ಮುಗಿಯುವ ದಿನ ಇಡಬೇಡಿ. ಎರಡು ವಾರ ಆಡದವನು ತಾನಾಗಿ ಒಂದು ಸ್ಥಾನ ಕೆಳಗಿಳಿಯಲಿ. ಸೋತವನು ಅದೇ ಎದುರಾಳಿಗೆ ಮತ್ತೆ ಚಾಲೆಂಜ್ ಹಾಕುವ ಮೊದಲು ಬೇರೆ ಇಬ್ಬರ ಜೊತೆ ಆಡಿರಲಿ. ಈ ಎರಡು ನಿಯಮ ಇದ್ದಿದ್ದರೆ ನಮ್ಮಲ್ಲಿ ಆ ಗುರಾಣಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. ನಾನು ಬಳಸಿದ ಶೀಟ್ ಬೇಕಾದವರು ಕೇಳಿ, ರೊಕ್ಕದ ಕಾಲಂ ತೆಗೆದು ಕಳಿಸುತ್ತೇನೆ.

ನಮ್ಮ ಏಣಿಯಲ್ಲಿ ಆಡಿದ್ದ ಇಬ್ಬರ ನೂರು ನೂರು ರೂಪಾಯಿ ಇನ್ನೂ ನನ್ನ ಹತ್ತಿರ ಇದೆ. ಒಬ್ಬರು ಮುಧೋಳದವರು, ಒಬ್ಬರು ಗೋಕಾಕದವರು. ನಂಬರ್ ಬದಲಾದಂತಿದೆ, ಫೋನ್ ಹೋಗುತ್ತಿಲ್ಲ. ಇದನ್ನು ಓದಿದರೆ ದಯವಿಟ್ಟು ಒಂದು ಮೆಸೇಜ್ ಹಾಕಿ, ಅವತ್ತೇ ಕಳಿಸುತ್ತೇನೆ.