ಔಟ್‌ಟರ್ನ್ ಅರಿಯದ ಕ್ಲೌಡ್ ಲೆಕ್ಕ

ಕಳೆದ ವರ್ಷ ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು, ನಮ್ಮ ಅಂಗಡಿಯ ಒಳಕೋಣೆಯಲ್ಲಿದ್ದ ಸರ್ವರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್‌ಡ್ರೈವ್‌ನಲ್ಲಿದ್ದ ಬ್ಯಾಕಪ್ ಏಪ್ರಿಲ್ ತಿಂಗಳದ್ದು. ತೂಕದ ಚೀಟಿಗಳನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಎದುರಿಗಿಟ್ಟುಕೊಂಡು ಮೂರು ತಿಂಗಳ ಲೆಕ್ಕವನ್ನು ಮತ್ತೆ ಬರೆದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಒಂದು ಡಿಸ್ಕನ್ನು ನಂಬಿ ಅಷ್ಟು ಕಾಲ ನೆಮ್ಮದಿಯಿಂದಿರುವುದು ನನ್ನಿಂದಾಗಲಿಲ್ಲ.

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಯ ಅಂಗಡಿ, ಗೋದಾಮು ಮೂಡಿಗೆರೆಯ ಕಡೆ. ಮಾವನವರು ಕಟ್ಟಿದ ವ್ಯಾಪಾರದ ಲೆಕ್ಕ ಹದಿನಾಲ್ಕು ವರ್ಷಗಳಿಂದ ನನ್ನ ಕೈಯಲ್ಲಿದೆ. ನವೆಂಬರ್‌ನಲ್ಲಿ ವರ್ಷದ ಚಂದಾ ಕಟ್ಟುವ ಕ್ಲೌಡ್ ತಂತ್ರಾಂಶಕ್ಕೆ, ಅಂದರೆ ಲೆಕ್ಕವನ್ನು ಕಂಪನಿಯ ಸರ್ವರಿನಲ್ಲಿಟ್ಟು ಇಂಟರ್‌ನೆಟ್ ಮೂಲಕ ಬಳಸುವ ವ್ಯವಸ್ಥೆಗೆ ಬಂದು, ಒಂದು ಸೀಸನ್ ಪೂರ್ತಿ ಬಳಸಿದ್ದೇನೆ.

ಹಳೆಯ ಲೆಕ್ಕವನ್ನು ಸಾಗಿಸುವುದು ಎರಡು ದಿನದ ಕೆಲಸವೆಂದು ಕಂಪನಿಯವರು ಹೇಳಿದ್ದರು. ಮೂರು ವಾರ ಹಿಡಿಯಿತು. ಬೆಳೆಗಾರರ ಪಟ್ಟಿಯನ್ನು ನಾನು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ಅದು ಯೂನಿಕೋಡ್ ಅಲ್ಲವಾದ್ದರಿಂದ ಹೊಸದರಲ್ಲಿ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಮೂಡಿದವು. ಒಬ್ಬರೇ ಬೆಳೆಗಾರರು ಮನೆತನದ ಹೆಸರಿನಲ್ಲೊಮ್ಮೆ, ತೋಟದ ಹೆಸರಿನಲ್ಲೊಮ್ಮೆ, ಮಗನ ಹೆಸರಿನಲ್ಲೊಮ್ಮೆ ಇದ್ದರು. ಇದನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಬಾಕಿಯನ್ನು ತಾಳೆ ನೋಡಿದೆ.

ನನ್ನ ದೊಡ್ಡ ಅಸಮಾಧಾನ ಬೇರೆಯೇ ಇದೆ. ಕಾಫಿಯಲ್ಲಿ ತೂಕವೊಂದೇ ಸಾಲದು. 50 ಕೆ.ಜಿ. ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಮೇಲೆ ಬೆಲೆ ನಿಲ್ಲುತ್ತದೆ. 26 ಬಂದವರಿಗೂ 28 ಬಂದವರಿಗೂ ಒಂದೇ ಹಣ ಕೊಡಲಾಗುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ನಮ್ಮೂರಿನ ಹುಡುಗನೊಬ್ಬ ಒಂದು ಮಧ್ಯಾಹ್ನ ಕುಳಿತು ಅದಕ್ಕೆ ಕಾಲಂ ಮಾಡಿಕೊಟ್ಟಿದ್ದ. ಕ್ಲೌಡ್‌ನಲ್ಲಿ ಎಲ್ಲ ಗ್ರಾಹಕರಿಗೂ ಒಂದೇ ತಂತ್ರಾಂಶ, ನಮಗಾಗಿ ಅದರೊಳಗೆ ಕೈ ಹಾಕುವಂತಿಲ್ಲ. ಔಟ್‌ಟರ್ನ್ ಅನ್ನು ಷರಾ ಜಾಗದಲ್ಲಿ ಬರೆದು, ಗುಣಾಕಾರವನ್ನು ಇಂದಿಗೂ ಕ್ಯಾಲ್ಕುಲೇಟರ್‌ನಲ್ಲಿ ಮಾಡುತ್ತೇನೆ. ಬೆಳೆಗಾರರ ವರ್ಷದ ದುಡಿಮೆ ಆ ಒಂದು ಅಂಕಿಯಲ್ಲಿರುವಾಗ ಅದು ಷರಾದಲ್ಲಿ ಕುಳಿತಿರುವುದು ನನಗೆ ಸಹಿಸದು.

ಸಂತೋಷವೂ ಇದೆ. ಗೋದಾಮಿನಲ್ಲಿ ಯಜಮಾನರು ತೂಕ ನಮೂದಿಸಿದ ಕ್ಷಣವೇ ನನಗಿಲ್ಲಿ ಕಾಣುತ್ತದೆ. ಚೀಟಿ ಬರುವವರೆಗೆ ಬೆಳೆಗಾರರು ಕಾಯಬೇಕಾಗಿಲ್ಲ. ಹಾಸನದಲ್ಲಿರುವ ನಮ್ಮ ಆಡಿಟರ್ ಅಲ್ಲಿಂದಲೇ ಪುಸ್ತಕ ತೆರೆದು ನೋಡುತ್ತಾರೆ. ಆದರೆ ಗೋದಾಮಿನಲ್ಲಿ ಸಿಗ್ನಲ್ ಹೋದರೆ ಎಲ್ಲವೂ ನಿಂತಿತು. ಇಂಟರ್‌ನೆಟ್ ಇಲ್ಲದೆ ಈ ಆ್ಯಪ್ ಒಂದು ಸಾಲನ್ನೂ ಬರೆದುಕೊಳ್ಳುವುದಿಲ್ಲ. ಚೀಟಿಯಲ್ಲಿ ಬರೆದು ಸಂಜೆ ನಮೂದಿಸುವ ಗಡಿಬಿಡಿಯಲ್ಲಿ ಒಂದು ಲೋಡ್ ಎರಡು ಸಲ ಸೇರಿ, ಅದನ್ನು ಹುಡುಕಲು ಎರಡು ರಾತ್ರಿ ಹೋಯಿತು.

ಸೇರುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: ನಾಳೆ ಚಂದಾ ನಿಲ್ಲಿಸಿದರೆ ನಮ್ಮ ಪುಸ್ತಕವನ್ನು ಯಾವ ರೂಪದಲ್ಲಿ ಹಿಂದಿರುಗಿಸುತ್ತೀರಿ? ಪೂರ್ತಿ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿ ತೋರಿಸಿದ ಮೇಲೆಯೇ ಹಣ ಕಟ್ಟಿದೆ. ಪ್ರತಿ ಶನಿವಾರ ಹಾಗೆ ಇಳಿಸಿಕೊಂಡು ಮನೆಯ ಕಂಪ್ಯೂಟರ್‌ನಲ್ಲಿ ಇಡುತ್ತೇನೆ.

ಮೂರು ವರ್ಷಕ್ಕೆ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆಂದರು. ಒಂದೇ ವರ್ಷಕ್ಕೆ ನವೀಕರಿಸಿದ್ದೇನೆ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಹೊಟ್ಟಿನ ಸಮೇತ ಒಣಗಿಸಿದ ಬೀಜ) ಬರತೊಡಗುವ ಡಿಸೆಂಬರ್‌ನ ಒಳಗೆ ಔಟ್‌ಟರ್ನ್ ಕಾಲಂ ಮತ್ತು ಇಂಟರ್‌ನೆಟ್ ಇಲ್ಲದೆಯೂ ನಮೂದಿಸುವ ಸೌಲಭ್ಯ ಬೇಕೆಂದು ಅವರಿಗೆ ಲಿಖಿತವಾಗಿ ತಿಳಿಸಿದ್ದೇನೆ.