ಪಿಗ್ಮಿ ಖಾತೆ: ಶಿಸ್ತಿಗೆ ಐದು ನಕ್ಷತ್ರ, ಬಡ್ಡಿಗೆ ಎರಡು

ಬಜೆಟ್ ಹಾಕುವುದು ಹೇಗೆಂದು ಹೇಳಿಕೊಡುವವರೆಲ್ಲ ಸಂಬಳದಿಂದಲೇ ಲೆಕ್ಕ ಶುರು ಮಾಡುತ್ತಾರೆ. ಶೇ 50 ಅಗತ್ಯಕ್ಕೆ, 30 ಇಷ್ಟಕ್ಕೆ, 20 ಉಳಿತಾಯಕ್ಕೆ. ಒಂದನೇ ತಾರೀಕಿಗೆ ಖಾತೆ ತುಂಬುವವರಿಗೆ ಇದು ಚೆನ್ನ. ನಾನು ಸಾಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಮುಹೂರ್ತಗಳಿರುವ ತಿಂಗಳಲ್ಲಿ ಊಟಕ್ಕೂ ಏಳದೆ ಬ್ಲೌಸ್ ಹೊಲಿಯುತ್ತೇನೆ. ಆಷಾಢ ಬಂದರೆ ಫಾಲ್ ಹಚ್ಚುವುದಕ್ಕೂ ಒಂದು ಸೀರೆ ಬರುವುದಿಲ್ಲ. ಯಾವ ಮೊತ್ತದ ಶೇ 20 ತೆಗೆದಿಡಲಿ? ಇಂಥ ಆದಾಯಕ್ಕೆ ಸರಿಹೊಂದುವ ವ್ಯವಸ್ಥೆ ನನಗೆ ಸಿಕ್ಕಿದ್ದು ಪಿಗ್ಮಿಯಲ್ಲಿ. ಬಹಳ ವರ್ಷಗಳಿಂದ ಕಟ್ಟುತ್ತಿರುವುದರಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವ ಹಕ್ಕು ಇದೆ ಎಂದುಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ: ಸಹಕಾರ ಸಂಘ ಅಥವಾ ಬ್ಯಾಂಕಿನ ಏಜೆಂಟರು ದಿನವೂ ಅಂಗಡಿಗೆ ಬಂದು ನಿಮ್ಮ ಕೈಲಾದಷ್ಟು ಹಣ ಪಡೆದು ಖಾತೆಗೆ ಜಮಾ ಮಾಡುತ್ತಾರೆ. ಇದು ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಲ್ಲೇ ಪಡೆಯತೊಡಗಿತು. ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರಲ್ಲಿ ಒಬ್ಬರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ.

ನಮ್ಮ ಬೀದಿಗೆ ಏಜೆಂಟರು ಬರುವುದು ಸಂಜೆ ಏಳರ ಆಸುಪಾಸಿಗೆ, ಅಂದರೆ ಗಲ್ಲಾದಲ್ಲಿ ನೋಟು ಇರುವ ಹೊತ್ತಿಗೆ, ಅದು ಮನೆ ತಲುಪುವ ಮೊದಲೇ. ಈ ಸೇವೆಯ ಜೀವ ಇರುವುದೇ ಇಲ್ಲಿ. ಹುಡುಗ ಬಾಗಿಲಲ್ಲಿ ನಿಂತು ಕೈಯಲ್ಲಿನ ಪುಟ್ಟ ಯಂತ್ರ ಒತ್ತುತ್ತಾ "ಅಕ್ಕಾ, ಇವತ್ತು ಎಷ್ಟು ಬರೆಯಲಿ?" ಎನ್ನುತ್ತಾನೆ. ವ್ಯಾಪಾರವಾಗಿದ್ದರೆ 300, ಇಲ್ಲದಿದ್ದರೆ 50. ಏನೂ ಇಲ್ಲದ ದಿನ "ನಾಳೆ ಬಾ ತಮ್ಮ" ಎಂದರೂ ದಂಡವಿಲ್ಲ. ಮೊಬೈಲಿನಲ್ಲೇ ಹಣ ಕಳುಹಿಸುವ ಈ ಕಾಲದಲ್ಲಿ ಮನುಷ್ಯ ಬರಬೇಕೇ ಎಂದು ನನ್ನ ಮಗಳು ಕೇಳುತ್ತಾಳೆ. ಬರಬೇಕು. ಮೊಬೈಲ್ ನೆನಪಿಸಿದರೆ ಬೆರಳಿನಿಂದ ಸರಿಸಿಬಿಡಬಹುದು, ಎದುರಿಗೆ ನಿಂತವನನ್ನು ಬರಿಗೈಯಲ್ಲಿ ಕಳುಹಿಸಲು ದಾಕ್ಷಿಣ್ಯ ಅಡ್ಡ ಬರುತ್ತದೆ.

ನಾನು ಇದನ್ನು ಬಳಸುವ ರೀತಿ ಹೇಳುತ್ತೇನೆ. ಖಾತೆಯನ್ನು ಒಂದೇ ವರ್ಷದ ಅವಧಿಗೆ, ಮೇ ತಿಂಗಳಲ್ಲಿ ಮುಗಿಯುವಂತೆ ತೆರೆಯುತ್ತೇನೆ. ಜೂನ್ ಬಂತೆಂದರೆ ಶಾಲೆ ಶುಲ್ಕ, ಪುಸ್ತಕ, ಛತ್ರಿ. ಹಿಂದೆಯೇ ಸಂಪಾದನೆ ಇಲ್ಲದ ಆಷಾಢ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು, ವಿಮೆ ಕಂತು, ಅಂಗಡಿ ಪರವಾನಗಿ, ಯಂತ್ರದ ಮೋಟಾರ್ ರಿಪೇರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿ, 300ರಿಂದ ಭಾಗಿಸುತ್ತೇನೆ. ಭಾನುವಾರ, ಹಬ್ಬ, ನೆಂಟರ ಮನೆ ಎಂದು ಕಳೆದರೆ ಅಂಗಡಿ ತೆರೆದಿರುವುದು ಹೆಚ್ಚುಕಡಿಮೆ ಅಷ್ಟೇ ದಿನ. 60,000 ರೂಪಾಯಿ ಬೇಕಿದ್ದರೆ ದಿನಕ್ಕೆ 200. ನನ್ನ ಬಜೆಟ್ ಎಂದರೆ ಆ ಹಾಳೆ ಮತ್ತು ಆ 200, ಅಷ್ಟೇ. ಮಳೆಗಾಲದಲ್ಲಿ ತಪ್ಪಿದ್ದನ್ನು ನವರಾತ್ರಿ, ದೀಪಾವಳಿಯ ಹೊಲಿಗೆಯಲ್ಲಿ ತುಂಬಿಸಿಕೊಳ್ಳುತ್ತೇನೆ.

ಇನ್ನು ಕೆಟ್ಟದ್ದು. ಹಿಂದೆ ನಾನಿದ್ದ ಸಂಘವೊಂದರಲ್ಲಿ ಏಜೆಂಟರು ಪಡೆದ ಹಣದಲ್ಲಿ ಕೆಲವು ದಿನಗಳದ್ದು ಖಾತೆಗೆ ಹತ್ತಿರಲೇ ಇಲ್ಲ. ಪಾಸ್‌ಬುಕ್ಕಿಗೂ ರಸೀದಿ ಚೀಟಿಗಳಿಗೂ ತಾಳೆ ಹಾಕಿದಾಗ ವ್ಯತ್ಯಾಸ ಸಿಕ್ಕಿತು. ಕಚೇರಿಯಲ್ಲಿ "ಯಂತ್ರದ ತೊಂದರೆ" ಎಂದರು, ಚೀಟಿ ತೋರಿಸಿದ ಮೇಲೆ ಹಣ ಬಂತು. ಆ ಚೀಟಿಗಳ ಗುಣವೋ, ಎರಡು ತಿಂಗಳು ಡ್ರಾಯರಿನಲ್ಲಿಟ್ಟರೆ ಅಕ್ಷರವೇ ಮಾಯ. ಹಾಗಾಗಿ ಸಂಜೆಯೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಕಚೇರಿಗೇ ಹೋಗಿ ಪಾಸ್‌ಬುಕ್ ಬರೆಸಿ. ಜಮಾ ಆದಾಗ ಮೊಬೈಲಿಗೆ ಸಂದೇಶ ಬರದ ಸಂಘವಾದರೆ ಸೇರಲೇಬೇಡಿ.

ಬಡ್ಡಿಯ ವಿಷಯದಲ್ಲಿ ಆಸೆ ಬೇಡ. ನನಗೆ ಸಿಗುವುದು ಶೇ 3. ಹಣ ಸ್ವಲ್ಪಸ್ವಲ್ಪವೇ ಸೇರುವುದರಿಂದ 60,000 ಕಟ್ಟಿದ ವರ್ಷ ಬಡ್ಡಿ ಸುಮಾರು 900 ರೂಪಾಯಿ. ಏಜೆಂಟರ ಕಮಿಷನ್ ಎಲ್ಲಿಂದಲಾದರೂ ಬರಬೇಕಲ್ಲ. ಆರು ತಿಂಗಳೊಳಗೆ ಖಾತೆ ಮುಚ್ಚಿದರೆ ನಮ್ಮಲ್ಲಿ ಬಡ್ಡಿ ಇಲ್ಲದಿರುವುದು ಹಾಗಿರಲಿ, ಅಸಲಿನಲ್ಲೂ ಕಡಿತವಿದೆ. ಆದ್ದರಿಂದ ಪಿಗ್ಮಿಯಲ್ಲಿ ಹಣ ವರ್ಷಗಟ್ಟಲೆ ಕೂರಿಸುವುದು ದಡ್ಡತನ. ಮೇ ತಿಂಗಳಲ್ಲಿ ಖರ್ಚು ಕಳೆದು ಉಳಿದದ್ದು ಅಂಚೆ ಕಚೇರಿಗೆ ಹೋಗುತ್ತದೆ. ಅಲ್ಲಿ ನನ್ನದೊಂದು ಐದು ವರ್ಷದ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಇದೆ. ತೆರೆದಾಗ ದರ ಶೇ 6.7 ಇತ್ತು, ಮುಂದೆ ಸರ್ಕಾರ ದರ ಇಳಿಸಿದರೂ ನನ್ನ ಖಾತೆಗೆ ಅದೇ ದರ. ಆ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ 60,000ಕ್ಕೆ ಸುಮಾರು 71,366 ಬರುತ್ತದೆ. ಆದರೆ ಆರ್‌ಡಿ ಆಷಾಢವನ್ನು ಕೇಳುವುದಿಲ್ಲ. ಕಂತು ತಪ್ಪಿದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ, ಮೂರು ವರ್ಷಕ್ಕೆ ಮೊದಲು ಮುಚ್ಚುವಂತಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಹೀಗಾಗಿ ಅದಕ್ಕೆ ನಾನು ಹಾಕುವುದು ಎಂಥ ಕೆಟ್ಟ ತಿಂಗಳಲ್ಲೂ ಕೊಡಬಲ್ಲ ಸಣ್ಣ ಮೊತ್ತ ಮಾತ್ರ.

ಸೇರುವ ಮೊದಲು ಕೇಳಲೇಬೇಕಾದ ಪ್ರಶ್ನೆ: ಇದು ಬ್ಯಾಂಕೋ, ಪತ್ತಿನ ಸಹಕಾರ ಸಂಘವೋ? ಬೋರ್ಡ್ ನೋಡಿದರೆ ಎರಡೂ ಒಂದೇ ಥರ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕೂ ಸೇರಿ, ಠೇವಣಿ ವಿಮೆ ನಿಗಮದಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ರಕ್ಷಣೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷವಿತ್ತು. ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ. ಹಾಗೆಂದು ಸಂಘಗಳೆಲ್ಲ ಮುಳುಗುತ್ತವೆ ಎಂದಲ್ಲ, ನನ್ನದೂ ಸಂಘದಲ್ಲೇ ಇದೆ. ಆದರೆ ಒಂದು ವರ್ಷದ ಖರ್ಚಿನಷ್ಟು ಹಣಕ್ಕಿಂತ ಹೆಚ್ಚು ಅಲ್ಲಿ ಬಿಡುವುದಿಲ್ಲ. ಮಗಳ ಮದುವೆಯ ಹಣವನ್ನೆಲ್ಲ ಪರಿಚಯದ ಮೇಲೆ ಒಂದೇ ಸಂಘದಲ್ಲಿ ಇಟ್ಟವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಪಿಗ್ಮಿ ಮೇಲೆ ಸಾಲ ಕೊಡುತ್ತೇವೆ ಎಂದು ಅವರೇ ಒತ್ತಾಯಿಸುತ್ತಾರೆ. ನಮ್ಮ ಹಣಕ್ಕೆ ಶೇ 3 ಕೊಟ್ಟು, ಅದನ್ನೇ ಅಡವಿಟ್ಟಾಗ ನಮ್ಮಿಂದ ನಾಲ್ಕು ಪಟ್ಟು ವಸೂಲು ಮಾಡುವ ಏರ್ಪಾಡು ಅದು. ಆದರೂ ಹೊಸ ಓವರ್‌ಲಾಕ್ ಯಂತ್ರಕ್ಕೆ ಸಾಲ ಕೇಳಿದಾಗ, ಕಟ್ಟುತ್ತಾ ಬಂದ ಪಿಗ್ಮಿಯ ದಾಖಲೆ ನೋಡಿಯೇ ಬೇಗ ಮಂಜೂರು ಮಾಡಿದರು. ನಮ್ಮಂಥವರ ಬಳಿ ಸಂಬಳ ಚೀಟಿ ಇರುವುದಿಲ್ಲವಲ್ಲ.

ತಿಂಗಳ ಸಂಬಳದವರಿಗೆ ಪಿಗ್ಮಿ ಬೇಡ, ನೇರವಾಗಿ ಆರ್‌ಡಿಗೆ ಹೋಗಿ. ಹೂವು, ತರಕಾರಿ, ಹೋಟೆಲ್, ಆಟೊ, ಹೊಲಿಗೆ ಎಂದು ದಿನದ ದುಡ್ಡು ನೋಡುವವರು ಮೊದಲು ವರ್ಷದ ಖರ್ಚಿನ ಹಾಳೆ ಬರೆಯಿರಿ. ಎಷ್ಟು ಕಟ್ಟಬೇಕೆಂಬುದನ್ನು ಏಜೆಂಟರು ಹೇಳುವುದಲ್ಲ, ಆ ಹಾಳೆ ಹೇಳಬೇಕು.