ಹೂಕುಂಡಕ್ಕೆ ಬಂಪರ್ ಪ್ರೈಮರ್: ಒಂದು ವರ್ಷದ ಬಳಕೆಯ ನಂತರ

ಮೈಸೂರಿನ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಆರೇಳು ವರ್ಷ ಬಿಸಿಲುಂಡ ಹನ್ನೊಂದು ಪ್ಲಾಸ್ಟಿಕ್ ಕುಂಡಗಳಿದ್ದವು. ಅವುಗಳ ಇಟ್ಟಿಗೆ ಬಣ್ಣ ಮಾಸಿ, ಬೆರಳಾಡಿಸಿದರೆ ಸೀಮೆಸುಣ್ಣದಂತಹ ಬಿಳಿಪುಡಿ ಹತ್ತುತ್ತಿದ್ದುದರಿಂದ, ಹೋದ ವರ್ಷ ಬಣ್ಣ ಬಳಿಯಲು ಹೊರಟೆ. ಮೊದಲ ಸಲ ಅಂಗಡಿಯವರ ಮಾತು ನಂಬಿ, ಕಬ್ಬಿಣದ ಗೇಟಿಗೆ ಬಳಿಯುವ ಎನಾಮಲನ್ನೇ ನೇರವಾಗಿ ಬಳಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ನೀರಿನ ಪೈಪು ಉಜ್ಜುವ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಉಗುರಿನಿಂದ ಕೆದಕಿದರೆ ಹಾವಿನ ಪೊರೆಯಂತೆ ಅಂಗೈಯಗಲದ ಹಾಳೆಯೇ ಎದ್ದು ಬಂದಿತು. ಅದರ ಹಿಂಬದಿಗೆ ಆ ಬಿಳಿಪುಡಿಯೂ ಅಂಟಿತ್ತು. ಎಂದರೆ ಬಣ್ಣ ಹಿಡಿದದ್ದು ಪುಡಿಯನ್ನೇ ಹೊರತು ಕುಂಡವನ್ನಲ್ಲ.

1962ರ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿರುವ ಬಣ್ಣದ ಕಾರ್ಖಾನೆ ಇರುವ ಊರಿನಲ್ಲಿ ಹೀಗಾಯಿತಲ್ಲ ಎಂದು ನಗು ಬಂದಿತು. ಆದರೆ ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಬೆರೆತು ಉಳಿಯುತ್ತದೆ. ಕುಂಡದ ಪ್ಲಾಸ್ಟಿಕ್ಕಿನಲ್ಲಿ ಹಾಗೆ ಬೆರೆಯಲು ಏನೂ ಇಲ್ಲ. ಕುಂಡವನ್ನು ಬೋರಲು ಹಾಕಿ ನೋಡಿದಾಗ ತಳದ ತ್ರಿಕೋನದೊಳಗೆ 5 ಎಂದಿತ್ತು. ಅದು ಪಾಲಿಪ್ರೊಪಿಲೀನ್‌ನ ಗುರುತು. ಮೇಣದಂತಹ ಈ ಮೈಯ ಮೇಲೆ ಬಣ್ಣ ಹರಡಿ ಕೂರುವುದಿಲ್ಲ. ಕಾರಿನ ಬಂಪರುಗಳಲ್ಲಿಯೂ ಹೆಚ್ಚಾಗಿ ಇದೇ ಪ್ಲಾಸ್ಟಿಕ್ ಇರುವುದರಿಂದ, ಅವುಗಳಿಗೆ ಬಣ್ಣ ಬಳಿಯುವವರು ಮೊದಲು ಬಣ್ಣಕ್ಕೆ ಹಿಡಿತ ಕೊಡುವ ಪ್ಲಾಸ್ಟಿಕ್ ಪ್ರೈಮರ್ ಹೊಡೆಯುತ್ತಾರೆ. ಕಾರಿನ ಬಣ್ಣ ಮಾರುವ ಇನ್ನೊಂದು ಅಂಗಡಿಯಿಂದ ನಾನು ತಂದದ್ದು ಅದನ್ನೇ: 400 ಮಿಲಿಲೀಟರಿನ, ನೀರಿನಂತೆ ತಿಳಿಯಾದ ಪ್ರೈಮರಿನ ಸ್ಪ್ರೇ ಡಬ್ಬಿ.

ಡಬ್ಬಿಯ ಕೆಲಸಕ್ಕಿಂತ ಮುಂಚಿನ ಕೆಲಸವೇ ಹೆಚ್ಚು. ಹಳೆಯ ಎನಾಮಲನ್ನು ಪೂರ್ತಿ ಸುಲಿದು, ಅಂಚಿನಲ್ಲಿ ಕಟ್ಟಿದ್ದ ನೀರಿನ ಉಪ್ಪಿನ ಪಟ್ಟೆಯನ್ನು ವಿನೆಗರಿನಿಂದ ಬಿಡಿಸಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಉಜ್ಜಿ, 320ನೆಯ ನಂಬರಿನ ಉಪ್ಪುಕಾಗದದಿಂದ ಬಿಳಿಪುಡಿ ಬರುವುದು ನಿಲ್ಲುವವರೆಗೂ ತಿಕ್ಕಿ, ಒಣಗಿದ ಮೇಲೆ ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಬೇಕಾಯಿತು. ಹೊಸ ಕುಂಡವಾದರೂ ತೊಳೆಯದೆ ಬಿಡುವಂತಿಲ್ಲ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಸುವ ಎಣ್ಣೆಯ ಪಸೆ ಅದರ ಮೇಲೆ ಉಳಿದಿರಬಹುದು. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದೆಂಬುದು ಒಂದು ಕುಂಡದ ಮೇಲೆ ನನ್ನ ಐದು ಬೆರಳುಗಳೂ ಮೂಡಿ ನಿಂತ ನಂತರ ತಿಳಿಯಿತು.

ಪ್ರೈಮರನ್ನು ಹೊಡೆಯುವಾಗ ಕೈ ಬಿಗಿ ಹಿಡಿಯಬೇಕು. ಒಂದು ಗೇಣು ದೂರದಿಂದ, ಮೈ ತುಸು ಒದ್ದೆಯಾದಂತೆ ಕಾಣುವಷ್ಟು ಸಾಕು. ದಪ್ಪವಾದರೆ ಹಿಡಿತ ಹೆಚ್ಚುವುದಿಲ್ಲ, ಬದಲಿಗೆ ಸಡಿಲವಾಗುತ್ತದೆ. ಡಬ್ಬಿಯಲ್ಲಿ ಬರೆದಿರುವ ಅವಧಿಯೊಳಗೆ ಮೇಲಿನ ಬಣ್ಣ ಬೀಳಬೇಕಾದ್ದರಿಂದ ಒಂದೊಂದಾಗಿ ಮುಗಿಸುವುದು ಲೇಸು. ನಾನು ಆರಂಭಿಸಿದ್ದು ಆಷಾಢದಲ್ಲಿ. ಗಾಳಿ ಪ್ರೈಮರಿನ ಅರ್ಧವನ್ನು ಪಕ್ಕದ ಮನೆಯ ಕಡೆಗೆ ಹೊತ್ತೊಯ್ದಿತು. ಬಳಿಕ ಹಳೆಯ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯೊಳಗೆ ಕುಂಡವಿಟ್ಟು ಹೊಡೆದೆ. ಮಳೆಯ ತೇವವಿದ್ದ ದಿನ ಹೊಡೆದ ಬಣ್ಣಕ್ಕೆ ಬೂದಿ ಮುಸುಕಿತು, ಅದನ್ನು ತಿಕ್ಕಿ ಮತ್ತೆ ಹೊಡೆಯಬೇಕಾಯಿತು. ಬಣ್ಣ ಮೂರು ತೆಳು ಪದರ, ಕುಂಡದ ಒಳಮೈಗೆ ಏನೂ ಇಲ್ಲ.

ಮುಟ್ಟಲು ಅರ್ಧ ಗಂಟೆಯಲ್ಲಿ ಒಣಗಿದರೂ, ಗಟ್ಟಿಯಾಗಲೆಂದು ಒಂದು ವಾರ ಬಿಟ್ಟೆ. ಎಂಟನೆಯ ದಿನ ಬ್ಲೇಡಿನಿಂದ ಅಡ್ಡಡ್ಡ ಉದ್ದುದ್ದ ಗೀರಿ, ಟೇಪು ಅಂಟಿಸಿ ಸರಕ್ಕನೆ ಕಿತ್ತಾಗ, ಪ್ರೈಮರ್ ಹೊಡೆದ ಕುಂಡದಲ್ಲಿ ಒಂದು ಚೌಕವೂ ಏಳಲಿಲ್ಲ. ಹೋಲಿಸಲೆಂದೇ ಪ್ರೈಮರಿಲ್ಲದೆ ಬಿಟ್ಟಿದ್ದ ಇನ್ನೊಂದು ಕುಂಡವನ್ನೂ ಅಷ್ಟೇ ಚೆನ್ನಾಗಿ ತೊಳೆದು ತಿಕ್ಕಿದ್ದೆ. ಅದರ ಚೌಕಗಳೆಲ್ಲ ಟೇಪಿನೊಡನೆ ಬಂದವು. ಡಬ್ಬಿಗೆ ಕೊಟ್ಟ ಹಣದ ಬಗ್ಗೆ ನನಗೆ ದೂರಿಲ್ಲದಿರುವುದು ಈ ಒಂದು ಕಾರಣಕ್ಕೆ.

ದೂರಿರುವುದು ಡಬ್ಬಿಯ ಮೇಲಿನ ‘ಎಲ್ಲ ಬಗೆಯ ಪ್ಲಾಸ್ಟಿಕ್ಕಿಗೂ’ ಎಂಬ ಬರಹದ ಬಗ್ಗೆ. ಕರಿಬೇವು ನೆಟ್ಟಿರುವ ನೀಲಿ ಡ್ರಮ್ಮಿನ ತಳದಲ್ಲಿ 2 ಎಂದಿದೆ, ಅಂದರೆ ಹೆಚ್‌ಡಿಪಿಇ ಎಂಬ ಬೇರೆ ಬಗೆಯ ಪ್ಲಾಸ್ಟಿಕ್. ಅದರಲ್ಲಿ ಬಣ್ಣ ನಿಂತದ್ದು ಬೇಸಿಗೆಯವರೆಗೆ ಮಾತ್ರ, ಪಶ್ಚಿಮದ ಬಿಸಿಲು ಬೀಳುವ ಬದಿಯಲ್ಲಿ ಈಗ ಚಕ್ಕೆ ಏಳುತ್ತಿದೆ. ಒಂದು ಡಬ್ಬಿ ಏಳು ಮಧ್ಯಮ ಗಾತ್ರದ ಕುಂಡಗಳಿಗೆ ಸಾಲುತ್ತದೆ, ಗಾಳಿ ಕದಿಯದಿದ್ದರೆ. ಒತ್ತಿದರೆ ಅಂಚು ಚಟ್ಟನೆ ಮುರಿಯುವಷ್ಟು ಲಡ್ಡಾದ ಎರಡು ಕುಂಡಗಳಿಗೆ ನಾನು ಪ್ರೈಮರನ್ನು ಖರ್ಚು ಮಾಡಲಿಲ್ಲ. ಅವನ್ನು ಗುಜರಿಯವನಿಗೆ ಹಾಕಿದೆ. ಮಲ್ಲಿಗೆಯ ನಾಲ್ಕು ಕುಂಡಗಳು ಮಾತ್ರ ಈ ಬೇಸಿಗೆಯನ್ನೂ ದಾಟಿವೆ, ಪೈಪು ಉಜ್ಜುವ ಅಂಚೂ ಸೇರಿದಂತೆ.